ಮೈಕಮ್ಮ ಹೇಳದೆ ಬಿಟ್ಟ ಸಾಲು

ನಮ್ಮತ್ತೆಯನ್ನು ಊರಿನವರು ಮುಖ ನೋಡಿ ಗುರುತು ಹಿಡಿಯುವುದಿಲ್ಲ. ಅಂಗಡಿಯಲ್ಲಿ ನಿಂತು "ಅರ್ಧ ಕೆಜಿ ಸಕ್ಕರೆ ಕೊಡಪ್ಪ" ಅಂದರೆ ಸಾಕು, ಹಿಂದೆ ನಿಂತವರು ಗಕ್ಕನೆ ತಲೆಯೆತ್ತಿ ತಮ್ಮ ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ, ಎಲ್ಲಿ ಬಸ್ಸು ತಪ್ಪಿಹೋಯಿತೋ ಅಂತ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗುವುದು ಅವರ ಕೆಲಸ. ಊರಿಗೆಲ್ಲ ಅವರು ಮೈಕಮ್ಮ.

ನಾನು ಆ ಮನೆಗೆ ಸೊಸೆಯಾಗಿ ಹೊರಟಾಗ ನನ್ನಮ್ಮ ಹೇಳಿ ಕಳಿಸಿದ್ದು ಒಂದೇ ಬುದ್ಧಿಮಾತು: "ಮೈಕ್ ಹಿಡಿಯೋ ಅತ್ತೆ ಕಣೇ, ನೀನು ಬಾಯಿ ಮುಚ್ಕೊಂಡಿರು." ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಅತ್ತೆಯೂ ಅದನ್ನು ಬಯಸಲಿಲ್ಲ. ದಿನವಿಡೀ ಒಬ್ಬರೇ ಮಾತಾಡಿ ಸುಸ್ತಾಗಿ ಬರುವವರಿಗೆ ಮನೆಯಲ್ಲಿ ಇನ್ನೊಬ್ಬರು ಮಾತಾಡಿದರೆ ಹಾಯೆನಿಸುತ್ತದಂತೆ. ಹಾಗಾಗಿ ನಮಗಿಬ್ಬರಿಗೆ ಎಣ್ಣೆ ಸೀಗೆಕಾಯಿ ಆಗಲೇ ಇಲ್ಲ. ಅಕ್ಕಪಕ್ಕದವರಿಗೆ ಅದೊಂದು ಬೇಜಾರು.

ಅತ್ತೆಯ ಕೋಣೆ ನಿಲ್ದಾಣದ ತುದಿಯಲ್ಲಿ, ನೆಲದಿಂದ ನಾಲ್ಕಾರು ಮೆಟ್ಟಿಲು ಎತ್ತರದಲ್ಲಿದೆ. ಎದುರಿಗೆ ಗಾಜು, ಗಾಜಿನಾಚೆ ಬಸ್ಸು ಬಂದು ನಿಲ್ಲುವ ಅಂಕಣಗಳೆಲ್ಲ ಕಾಣುತ್ತವೆ. ಗಾಜಿನ ಕೆಳಗೆ ಕೈ ತೂರುವಷ್ಟು ಕಿಂಡಿ, ಅದರ ಮೇಲೆ 'ವಿಚಾರಣೆ' ಎಂಬ ಫಲಕ. ಒಳಗೆ ಒಂದು ಎತ್ತರದ ಸ್ಟೂಲು, ಗೊಣಗುವ ಫ್ಯಾನು, ಕರವಸ್ತ್ರ ಸುತ್ತಿದ ಮೈಕು. ಬೆನ್ನ ಹಿಂದೆ ಇನ್ನೊಂದು ಕಿಟಕಿ. ಅದು ಹಿಂದಿನ ಓಣಿಗೆ ತೆರೆಯುತ್ತದೆ. ಆ ಓಣಿಯ ಮೊದಲ ಮನೆ ಅತ್ತೆಯ ತವರು.

ಕೆಲಸದಲ್ಲಿ ಅತ್ತೆಗೆ ಒಂದೇ ನಿಯಮ. ಬಸ್ಸು ಕಣ್ಣಿಗೆ ಬೀಳದೆ 'ಬಂದಿದೆ' ಎನ್ನುವುದಿಲ್ಲ. ಚಕ್ರ ನಿಲ್ಲಬೇಕು, ಬೋರ್ಡು ಕಾಣಬೇಕು, ಆಮೇಲೆ ಬಾಯಿ. ತಡವಾದ ಚಾಲಕರು ದಾರಿಯಿಂದಲೇ ಫೋನು ಮಾಡಿ ಗೋಗರೆಯುತ್ತಾರೆ, "ಮೈಕಮ್ಮ, ಇಲ್ಲೇ ತಿರುವಲ್ಲಿದ್ದೀನಿ, ಕೂಗಿಬಿಡಿ, ಜನ ರೆಡಿಯಾಗಿರ್ಲಿ." ಅತ್ತೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಾರೆ, "ಬರ್ತಾ ಇರೋದು ಬೇರೆ, ಬಂದಿರೋದು ಬೇರೆ ಕಣಪ್ಪ. ಬಾ, ನಿಲ್ಲು, ಕೂಗ್ತೀನಿ." ಹಟಮಾರಿ ಹೆಂಗಸು ಅಂತ ಅವರು ಬೈದುಕೊಳ್ಳುತ್ತಾರೆ. ಅವರ ಮನೆಯವರು ಊರಿಗೆ ಹೊರಟಾಗ ಮಾತ್ರ, "ಮೈಕಮ್ಮ ಹೇಳೋ ತನಕ ಜಾಗ ಬಿಟ್ಟು ಏಳ್ಬೇಡಿ" ಎಂದು ಹೇಳಿ ಕಳಿಸುತ್ತಾರೆ.

ಇಂಥ ದನಿಯನ್ನು ಚರ್ಚಿನವರು ಸುಮ್ಮನೆ ಬಿಡುತ್ತಾರೆಯೇ? ಭಾನುವಾರ ಮುಂದೆ ನಿಂತು ಪ್ರಾರ್ಥನೆ ನಡೆಸುವುದು ಅತ್ತೆಯೇ. ಗೃಹಪ್ರವೇಶ, ನಿಶ್ಚಿತಾರ್ಥ, ಆಸ್ಪತ್ರೆ, ಸಾವು, ಎಲ್ಲದಕ್ಕೂ ಮೈಕಮ್ಮನಿಗೆ ಕರೆ. ಕಣ್ಣು ಮುಚ್ಚಿದರೆ ಮುಗಿಯಿತು. ಕೃಪೆ, ಕರುಣೆ, ಮಹಿಮೆ, ಸಾಲುಸಾಲಾಗಿ ಹೊರಡುತ್ತಿದ್ದವು. ಎಲ್ಲೂ ತಡವರಿಕೆಯಿಲ್ಲ. ಒಮ್ಮೆ ಎರಡು ಪಾಳಿ ಮುಗಿಸಿ ನೇರ ಒಂದು ಮನೆಯ ಪ್ರಾರ್ಥನೆಗೆ ಹೋದವರು ಕಣ್ಣು ಮುಚ್ಚಿ, ಕೈ ಜೋಡಿಸಿ, "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿದರು. ಮನೆಯ ಯಜಮಾನ ಭಕ್ತಿಯಿಂದ "ಆಮೆನ್" ಅಂದೇ ಬಿಟ್ಟ. ನಕ್ಕು ನಕ್ಕು ನಮ್ಮೆಲ್ಲರ ಹೊಟ್ಟೆ ಹುಣ್ಣಾಯಿತು. ಅತ್ತೆಯೂ ನಕ್ಕರು. ಆದರೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಬಾಯಿ ಒಂದು ಕಡೆ, ನಾನೊಂದು ಕಡೆ ಆಗಿಬಿಟ್ಟಿದ್ದೀನಲ್ಲೇ" ಅಂದದ್ದು ನನಗೆ ನೆನಪಿದೆ.

ಇನ್ನು ಅತ್ತೆಯ ಅಕ್ಕನ ವಿಷಯ. ನನಗೆ ದೊಡ್ಡತ್ತೆ. ಬಟ್ಟೆ ಹೊಲಿಯುತ್ತಾರೆ, ಆ ಓಣಿಯ ತವರು ಮನೆಯಲ್ಲೇ ಒಬ್ಬರೇ ಇದ್ದಾರೆ. ಮದುವೆ ಬೇಡವೆಂದು, ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡವರು. ಉಣ್ಣಿಸಿದ್ದು, ಒರೆಸಿದ್ದು, ಮಗ್ಗುಲು ಬದಲಿಸಿದ್ದು ಎಲ್ಲ ಅವರೇ. ಅತ್ತೆ ಸಂಜೆ ಸಂಜೆ ಹೋಗಿ ಕೂತು ಬರುತ್ತಿದ್ದರು. ಒಂದು ದಿನ ಮಧ್ಯಾಹ್ನ ತಾಯಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ನಿಲ್ದಾಣ ಕೂಗಳತೆಯಲ್ಲಿದೆ. ಓಣಿಯ ಯಾರನ್ನಾದರೂ ಓಡಿಸಿದ್ದರೆ ಸಾಕಿತ್ತು. ದೊಡ್ಡತ್ತೆ ಯಾರನ್ನೂ ಕಳಿಸಲಿಲ್ಲ. ಸಂಜೆ ಪಾಳಿ ಮುಗಿಸಿ ಅತ್ತೆ ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದಾಗ ಬಾಗಿಲಲ್ಲಿ ಜನ ನಿಂತಿದ್ದರು.

"ಊರಿಗೆಲ್ಲ ಬಸ್ಸು ಬಂತು ಅಂತ ಹೇಳೋಳಿಗೆ, ಅಮ್ಮ ಹೊರಟ್ಲು ಅಂತ ಯಾರೂ ಹೇಳ್ಲಿಲ್ಲ" ಎಂದು ಅತ್ತೆ ಆಗ ಅಂದರಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ದೊಡ್ಡತ್ತೆ, "ನೀನು ಡ್ಯೂಟಿಲಿದ್ದೆ" ಎಂದು ಅಡ್ಡಗೋಡೆ ಮೇಲೆ ದೀಪವಿಟ್ಟರು. ಅಂದಿನಿಂದ ಮಾತು ಬಂದ್. ಒಂದೇ ಚರ್ಚು, ಒಬ್ಬರು ಮುಂದೆ, ಒಬ್ಬರು ಕೊನೆಯ ಬೆಂಚಿನಲ್ಲಿ. ನಿಲ್ದಾಣದ ಕಡೆಗಿದ್ದ ತಾಯಿಯ ಕೋಣೆಯ ಕಿಟಕಿಯನ್ನು ದೊಡ್ಡತ್ತೆ ಮುಚ್ಚಿದವರು ಎಂಥ ಸೆಕೆಯಲ್ಲೂ ತೆರೆಯಲಿಲ್ಲ. ಕೇಳಿದರೆ, "ಧೂಳು" ಅನ್ನುವರು. ನಾನು ಈ ಮನೆಗೆ ಬಂದದ್ದು ಇದೆಲ್ಲ ಆದ ಮೇಲೆ. ಮದುವೆಯ ಫೋಟೋದಲ್ಲಿ ಅಕ್ಕ ಒಂದು ತುದಿ, ತಂಗಿ ಇನ್ನೊಂದು ತುದಿ, ನಡುವೆ ನಾವೆಲ್ಲ ಬೇಲಿ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ನಿಲ್ದಾಣಕ್ಕೆ ಹೊಸ ಯಂತ್ರ ಬಂತು. ಅತ್ತೆಯ ದನಿಯನ್ನೇ ಮುದ್ರಿಸಿಕೊಂಡು, ವೇಳಾಪಟ್ಟಿಯ ಪ್ರಕಾರ ತಾನೇ ಕೂಗುವ ಯಂತ್ರ. "ನಿಮಗೂ ವಯಸ್ಸಾಯ್ತು ಮೈಕಮ್ಮ, ಗಂಟಲಿಗೆ ಸ್ವಲ್ಪ ರೆಸ್ಟ್ ಸಿಗ್ಲಿ" ಎಂದು ಕಂಟ್ರೋಲರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅತ್ತೆ ಹೊಸ ಸೀರೆ ಉಟ್ಟುಕೊಂಡು ಹೋಗಿ ಊರೂರ ಹೆಸರು ಓದಿ ಬಂದರು. ನನಗೂ ಜಂಬ.

ಯಂತ್ರ ಶುರುವಾದ ವಾರ ಅತ್ತೆಗೆ ರಜೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು. ಇಬ್ಬರೂ ನಿಲ್ದಾಣದಲ್ಲಿ ಬೇರೆಯವರಂತೆ ಬೆಂಚಿನ ಮೇಲೆ ಕೂತಿದ್ದೆವು. ಮೇಲಿಂದ ಅತ್ತೆಯದೇ ದನಿ ಬಂತು, ಸ್ಪಷ್ಟವಾಗಿ, ಮುತ್ತು ಪೋಣಿಸಿದ ಹಾಗೆ: ಇಂಥ ಊರಿನ ಬಸ್ಸು ಆರನೇ ಅಂಕಣಕ್ಕೆ ಬಂದಿದೆ. ನಮ್ಮ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ, ಹಿಂದೆ ಕುಂಟುವ ಅಪ್ಪನನ್ನು ಎಳೆದುಕೊಂಡು ಓಡಿದಳು. ಆರನೇ ಅಂಕಣದಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಮುದುಕ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅವಳು ಸ್ಪೀಕರ್ ಕಡೆ ಮುಖವೆತ್ತಿ, "ಏನು ಸುಳ್ಳು ಬೊಗಳ್ತಾಳೆ ಇವ್ಳು!" ಎಂದು ಕಿರುಚಿದಳು.

ಅತ್ತೆ ಎದ್ದು ಹೋದರು. ಮುದುಕನಿಗೆ ನೀರು ಕುಡಿಸಿದರು, "ತಪ್ಪಾಯ್ತಮ್ಮ" ಅಂದರು. ಅವಳಿಗೆ ಈಯಮ್ಮ ಯಾರೆಂದು ತಿಳಿಯಲಿಲ್ಲ. "ನೀವ್ಯಾಕೆ ಬಿಡಿ ಅಜ್ಜಿ" ಅಂದಳು. ಡಾಕ್ಟರ ಹತ್ತಿರ ಹೋಗಲೇ ಇಲ್ಲ ನಾವು. ಮನೆಗೆ ನಡೆದು ಬರುವಾಗ ಅತ್ತೆ ಒಂದೇ ಮಾತು ಆಡಿದ್ದು. "ಅದು ನನ್ನ ದನಿನೇ ಕಣೇ. ಒಳಗೆ ನಾನಿರ್ಲಿಲ್ಲ."

ದೂರುಗಳು ಹೆಚ್ಚಾಗಿ ಯಂತ್ರ ಮೂಲೆ ಸೇರಿತು, ಅತ್ತೆ ಸ್ಟೂಲಿಗೆ ಮರಳಿದರು. ಅದು ಅಲ್ಲಿಗೆ ಮುಗಿಯಿತೆಂದು ನಾನಂದುಕೊಂಡೆ.

ಮರು ಭಾನುವಾರ ಅತ್ತೆ ಎಂದಿನಂತೆ ಮುಂದೆ ನಿಂತು ಕರ್ತನ ಪ್ರಾರ್ಥನೆ ಶುರು ಮಾಡಿದರು. ಅವರು ಒಂದು ಸಾಲು, ಹಿಂದೆ ನಾವು ಒಂದು ಸಾಲು. ಅನುದಿನದ ಆಹಾರ ಕೊಡು ಎನ್ನುವ ಅನ್ನದ ಸಾಲು ಮುಗಿಯಿತು. ಅದರ ಮುಂದಿನದು ಕ್ಷಮೆಯ ಸಾಲು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೇ ನಮ್ಮನ್ನೂ ಕ್ಷಮಿಸು ಎನ್ನುವುದು. ಅತ್ತೆಯ ಬಾಯಿ ತೆರೆಯಿತು, ದನಿ ಬರಲಿಲ್ಲ. ಮರೆತರು ಅಂದುಕೊಂಡು ಸಂಡೇ ಸ್ಕೂಲಿನ ಮಕ್ಕಳು ಮೊದಲ ಶಬ್ದ ಪಿಸುಗುಟ್ಟಿದರು. ಮುಂದಿನ ಬೆಂಚಿನ ಬೇಕರಿಯಮ್ಮ ಇನ್ನೂ ಜೋರಾಗಿ ಹೇಳಿಕೊಟ್ಟರು. ನಾನು ಕಣ್ಣು ಮಿಟುಕಿಸಿ ಸನ್ನೆ ಮಾಡಿದೆ. ಅತ್ತೆ ಕಣ್ಣು ಬಿಟ್ಟು, "ಗೊತ್ತು. ಹೇಳಕ್ಕಾಗ್ತಿಲ್ಲ. ನೀವು ಹೇಳಿ" ಎಂದು ತಲೆ ತಗ್ಗಿಸಿದರು. ಪಾಸ್ಟರ್ ಮುಂದುವರಿಸಿ ಪ್ರಾರ್ಥನೆ ಮುಗಿಸಿದರು.

ಅವತ್ತು ಸಂಜೆ ಪಾಸ್ಟರ್ ಮನೆಗೆ ಬಂದರು. ವಯಸ್ಸಿನಲ್ಲಿ ಅತ್ತೆಯ ಮಗನಷ್ಟಿರುವ ಮೆತ್ತಗಿನ ಮನುಷ್ಯ. ಟೀ ಲೋಟ ಹಿಡಿದುಕೊಂಡು, "ಏನಾಯ್ತಮ್ಮ?" ಎಂದರು.

"ಖಾಲಿ ಅಂಕಣ ಕಾಣಿಸ್ತು ಪಾಸ್ಟರ್. ನಾವು ಕ್ಷಮಿಸಿದ ಹಾಗೆ ಅಂತ ವಾರ ವಾರ ಕೂಗ್ತಾ ಬಂದಿದ್ದೀನಿ. ಎಲ್ಲಿ ಕ್ಷಮಿಸಿದ್ದೀನಿ? ಅಕ್ಕ ಹಿಂದಿನ ಬೆಂಚಲ್ಲೇ ಕೂತಿರ್ತಾಳೆ. ಅವಳ ಕೆಮ್ಮು ಕೇಳಿಸಿದ್ರೂ ನನಗೆ ಮೈಯೆಲ್ಲ ಉರಿಯುತ್ತೆ."

"ಹೇಳ್ತಾ ಹೇಳ್ತಾ ಮನಸ್ಸು ಬರುತ್ತಮ್ಮ. ಎಷ್ಟೋ ಜನಕ್ಕೆ ಹಾಗೇ ಆಗೋದು."

"ಬರ್ಬೋದು. ಬಂದ್ಮೇಲೆ ಹೇಳ್ತೀನಿ. ಜನರಿಗೇ ಸುಳ್ಳು ಕೂಗದೋಳು ದೇವರಿಗೆ ಕೂಗ್ಲಾ? ಬೇರೆ ಯಾರನ್ನಾದ್ರೂ ಮುಂದೆ ನಿಲ್ಲಿಸ್ಕೊಳ್ಳಿ."

ಪಾಸ್ಟರ್ ಟೀ ಲೋಟ ಕೆಳಗಿಟ್ಟರು. ಆಮೇಲೆ, "ಬೇಡ. ನೀವೇ ನಿಲ್ಲಿ. ಆ ಸಾಲು ಬಂದಾಗ ನಿಲ್ಲಿಸಿ. ನಾವು ಹೇಳ್ಕೋತೀವಿ" ಎಂದರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಅವತ್ತು.

ಹೀಗೆ ವಾರ ವಾರವೂ ಆ ಜಾಗದಲ್ಲಿ ಮೌನ ಬರತೊಡಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೈಕಮ್ಮ ನಿಲ್ಲಿಸಿದ್ದು ತನ್ನ ಅಕ್ಕನಿಗಾಗಿ, ಆದರೆ ಎಲ್ಲರಿಗೂ ಅವರವರ ಲೆಕ್ಕ ನೆನಪಾಯಿತು. ಬೇಕರಿಯಮ್ಮ ಓರಗಿತ್ತಿಯ ಕಡೆ ಓರೆಗಣ್ಣು ಹಾಯಿಸಿದರು. ನಮ್ಮನೆಯವರು ಅದೇ ಸಾಲಿನಲ್ಲಿ ನನ್ನ ಕಡೆ ಯಾಕೆ ನೋಡಿದರು ಎಂಬುದು ಮನೆಗೆ ಬಂದ ಮೇಲೆ ವಿಚಾರಣೆಗೆ ಒಳಪಟ್ಟಿತು. ಅಲ್ಲಿಯವರೆಗೆ ನಾನು ಆ ಪ್ರಾರ್ಥನೆಯನ್ನು ಒಲೆಯ ಮೇಲೆ ಏನಿಟ್ಟು ಬಂದೆ ಎಂದು ಯೋಚಿಸುತ್ತಲೇ ಹೇಳಿ ಮುಗಿಸುತ್ತಿದ್ದವಳು. ಆ ಮೌನ ಶುರುವಾದ ಮೇಲೆ ಆಗಲಿಲ್ಲ.

ಅತ್ತೆಯ ಬೇರೆ ಪ್ರಾರ್ಥನೆಗಳೂ ಸಣ್ಣಗಾದವು. ಕಾಲು ಮುರಿದು ಮಲಗಿದ್ದ ಒಬ್ಬ ಕಂಡಕ್ಟರನನ್ನು ನೋಡಲು ಹೋಗಿದ್ದೆವು. ಅವನ ತಾಯಿ ಎಂದಿನಂಥ ದೊಡ್ಡ ಪ್ರಾರ್ಥನೆ ಬರುತ್ತದೆಂದು ಸೆರಗು ಹೊದ್ದು ಸಿದ್ಧವಾದರು. ಅತ್ತೆ ಅವನ ಪಾದ ಹಿಡಿದುಕೊಂಡು ಕಣ್ಣು ಮುಚ್ಚಿದರು. "ಸ್ವಾಮಿ, ಇವನಿಗೆ ನೋವಾಗ್ತಿದೆ. ಮತ್ತೆ ನಡೀತೀನೋ ಇಲ್ವೋ ಅಂತ ಭಯ ಆಗಿದೆ. ನಮಗೂ ಆಗಿದೆ. ಹತ್ರ ಇರು." ಅಷ್ಟೇ. ತಾಯಿ ಇನ್ನೂ ಕಣ್ಣು ಮುಚ್ಚಿಯೇ ಕಾಯುತ್ತಿದ್ದರು. ಆದರೆ ಬಸ್ಸಿನಲ್ಲಿ ಯಾರಿಗೂ ಜಗ್ಗದ ಆ ಗಟ್ಟಿ ಆಸಾಮಿ ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಭಯವಾಗಿದೆ ಎಂದು ಅವನು ಹೆಂಡತಿಗೂ ಹೇಳಿರಲಿಲ್ಲವಂತೆ. ನನಗೆ ಆ ದಿನ ಅತ್ತೆಯ ಮೇಲೆ ಹುಟ್ಟಿದ್ದು ಬರೀ ಪ್ರೀತಿಯಲ್ಲ, ಒಂದು ಬಗೆಯ ಹೆಮ್ಮೆ. ಇವರ ಸೊಸೆ ನಾನು ಎಂದು ಬೀದಿಯಲ್ಲಿ ನಿಂತು ಕೂಗೋಣ ಅನ್ನಿಸಿತು.

ಬೆಳಿಗ್ಗೆ ಅಡುಗೆಮನೆಯಲ್ಲಿ ನೀರು ಹಿಡಿಯುವಾಗ ಅವರ ಕೋಣೆಯಿಂದ ಕೇಳುವುದೂ ಅಷ್ಟೇ ಆಗಿತ್ತು. "ಸ್ವಾಮಿ, ನನ್ನಕ್ಕ. ಇನ್ನೂ ಸಿಟ್ಟಿದೆ. ತೆಗಿ."

ಆದರೆ ದೊಡ್ಡತ್ತೆಗೆ ಈ ಮೌನ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಚರ್ಚಿಗೆ ಬಂದರೆ ಎಲ್ಲರ ಕಣ್ಣು ಹಿಂದಿನ ಬೆಂಚಿಗೆ. ಬರದಿದ್ದರೆ ಸೋತ ಹಾಗೆ. ಒಂದು ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಕೊಡಲು ಮೈಕಿನ ಕೋಣೆಗೆ ಹೋಗಿದ್ದೆ. ಕಿಂಡಿಯ ಮುಂದಿನ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದ ಮೇಲೆ ಬಗ್ಗಿ, ಬೆರಳ ತುದಿಯಲ್ಲಿ ಇನ್ನೂ ನೂಲಿನ ಎಳೆ ಅಂಟಿಸಿಕೊಂಡಿದ್ದ ದೊಡ್ಡತ್ತೆ ಅಂದರು:

"ವಾರ ವಾರ ಊರವ್ರ ಮುಂದೆ ನನ್ನ ಮಾನ ಕಳೀತಿದ್ದೀಯಲ್ಲೇ?"

ಅಷ್ಟು ವರ್ಷದ ಮೇಲೆ ಅಕ್ಕ ತಂಗಿಗೆ ಆಡಿದ ಮೊದಲ ಮಾತು. ಅತ್ತೆ ಸ್ಟೂಲಿನಿಂದ ಕಿಂಡಿಯ ಕಡೆ ಬಾಗಿದರು. "ನಿನ್ನ ಹೆಸರೆತ್ತಿಲ್ಲ ಅಕ್ಕಾ."

"ಹೆಸರು ಬೇರೆ ಎತ್ತಬೇಕಾ? ಬಾಯ್ಬಿಡದೇನೇ ಸಾರಿದ್ದೀಯ."

ಅಷ್ಟರಲ್ಲಿ ಎರಡನೇ ಅಂಕಣಕ್ಕೆ ಬಸ್ಸು ಬಂತು. ಅತ್ತೆ ಗುಂಡಿ ಒತ್ತಿ, ಏನೂ ಆಗಿಲ್ಲವೆಂಬಂತೆ ಕೂಗಿ, ಗುಂಡಿ ಆರಿಸಿದರು. ದೊಡ್ಡತ್ತೆಯ ಹಿಂದೆ ಸೂಟ್‌ಕೇಸ್ ಹಿಡಿದವನೊಬ್ಬ, "ಅಮ್ಮಾ, ಬೇಗ ಕೇಳಿ" ಅಂದ. ನಾನು ಹೊರಗೆ ಹೋಗಿ ಅವನನ್ನು ಪಕ್ಕಕ್ಕೆ ಕರೆದುಕೊಂಡು, ಅವನಿಗೆ ಬೇಕಾದ ಬಸ್ಸಿನ ಬಗ್ಗೆ ಅರ್ಧ ತಪ್ಪು ಅರ್ಧ ಸರಿ ಹೇಳಿ ಸಾಗಹಾಕಿದೆ. ಆದರೆ ಕಿವಿ ಕಿಂಡಿಯ ಹತ್ತಿರವೇ ಇತ್ತು.

"ಯಾಕೆ ಹೇಳಿ ಕಳಿಸ್ಲಿಲ್ಲ ಅಂತ ಒಂದ್ಸಲ ನಿಜ ಹೇಳು ಅಕ್ಕಾ" ಎಂದರು ಅತ್ತೆ.

ದೊಡ್ಡತ್ತೆ ಕಿಂಡಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹೊಟ್ಟೆಕಿಚ್ಚು ಕಣೇ. ಅವತ್ತು ಅಮ್ಮಂಗೆ ಗೊತ್ತಾಗಿತ್ತು. ನಾನು ಕೈ ಹಿಡ್ಕೊಂಡು ಕೂತಿದ್ದೆ. ನನ್ ಮುಖ ನೋಡ್ಲಿಲ್ಲ ಅವ್ಳು. ಕಿಟಕಿ ತೆಗಿ, ಕಿಟಕಿ ತೆಗಿ ಅಂದ್ಲು. ತೆಗ್ದೆ. ನೀನು ಕೂಗೋದು ಕೇಳಿಸ್ತಿತ್ತು. ಅದನ್ನೇ ಕೇಳ್ತಾ ಮಲ್ಗಿದ್ಲು. ನೀನು ನಿಲ್ಸಿದ್ರೆ ಕಣ್ಣು ಬಿಡೋಳು, ಶುರು ಮಾಡಿದ್ರೆ ಮುಚ್ಚೋಳು. ಇಷ್ಟು ವರ್ಷ ಹೇಲು ಉಚ್ಚೆ ಬಳ್ದಿದ್ದು ನಾನು. ಕೊನೇ ಗಳಿಗೇಲೂ ಅವ್ಳಿಗೆ ನೀನೇ ಬೇಕಾಗಿತ್ತು. ನಿನ್ನ ಕರೆಸಿದ್ರೆ ನನಗೆ ಆ ಕೈನೂ ಸಿಕ್ತಿರ್ಲಿಲ್ಲ. ಅದಕ್ಕೇ ಕಳಿಸ್ಲಿಲ್ಲ. ನಿನ್ನ ದನಿ ಕೇಳ್ತಾನೇ ಹೋದ್ಲು ಅಮ್ಮ."

ಐದನೇ ಅಂಕಣದಲ್ಲಿ ಬಸ್ಸು ಬಂದು ನಿಂತಿತ್ತು. ಅತ್ತೆ ಗುಂಡಿ ಒತ್ತಿದರು. ಊರಿನ ಹೆಸರು ಅರ್ಧಕ್ಕೆ ಒಡೆಯಿತು. ನಿಲ್ದಾಣದಲ್ಲಿದ್ದವರೆಲ್ಲ ತಲೆಯೆತ್ತಿ ಸ್ಪೀಕರ್ ನೋಡಿದರು. ಅತ್ತೆ ಮತ್ತೆ ಮೊದಲಿನಿಂದ ಪೂರ್ತಿ ಕೂಗಿ ಮುಗಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಇದನ್ನ ಇಷ್ಟು ವರ್ಷ ಬಚ್ಚಿಟ್ಕೊಂಡಿದ್ಯಾ?" ಎಂದರು. ದನಿಯಲ್ಲಿ ಬೆಂಕಿಯಿತ್ತು.

"ಇಟ್ಕೊಂಡಿದ್ದೆ. ಈಗ ಹೇಳ್ದೆ. ಇನ್ನು ನಿನ್ನಿಷ್ಟ." ದೊಡ್ಡತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು ಹೊರಟುಹೋದರು. ಅತ್ತೆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ ಅವತ್ತು.

ಮರು ಭಾನುವಾರ ಆ ಸಾಲು ಬರುತ್ತದೆಂದು ನಾನು ಕಾದು ನಿಂತಿದ್ದೆ. ಬರಲಿಲ್ಲ. ಅದೇ ಮೌನ. ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ದೊಡ್ಡತ್ತೆ ತಂಗಿಗೆ ಅಡ್ಡ ನಿಂತರು.

"ಇನ್ನೂ ಇಲ್ವಾ?"

"ಇನ್ನೂ ಬಂದಿಲ್ಲ ಅಕ್ಕಾ. ಬಂದ್ರೆ ಹೇಳ್ತೀನಿ."

"ಸರಿ. ಕಾಯ್ತೀನಿ" ಅಂದರು ದೊಡ್ಡತ್ತೆ. ಮುಂದಿನ ವಾರ ಅವರು ಹಿಂದಿನ ಬೆಂಚಿನಲ್ಲಿ ಕೂರಲಿಲ್ಲ. ಸೀದಾ ಬಂದು ಮೊದಲನೇ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಆ ಸಾಲು ಬರುತ್ತಲೇ ತಂಗಿಯ ಮುಖ ನೋಡುವರು. ತಂಗಿ ಇಲ್ಲವೆಂದು ತಲೆಯಾಡಿಸುವರು. ಇವರು ಸರಿಯೆಂದು ತಲೆಯಾಡಿಸುವರು. ಬೇಕರಿಯಮ್ಮ ಕಿಸಕ್ಕನೆ ನಕ್ಕು ಪಾಸ್ಟರ್ ಕಣ್ಣಿಗೆ ಬಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಇಬ್ಬರಿಗೂ ವಯಸ್ಸಾಗಿತ್ತು. ಇವರ ಪ್ರಾಮಾಣಿಕತೆಗಿಂತ ಮುಂಚೆ ಇಬ್ಬರಲ್ಲಿ ಒಬ್ಬರ ಆಯಸ್ಸು ಮುಗಿದರೆ ಏನು ಗತಿ ಎಂದು ನನಗೆ ದಿಗಿಲು. ಒಮ್ಮೆ ತಡೆಯಲಾರದೆ ಕೇಳಿಯೂ ಬಿಟ್ಟೆ: "ಅತ್ತೆ, ಹೇಳಿಬಿಡಬಾರ್ದಾ? ಸುಮ್ನೆ ಒಂದು ಸಾಲು."

"ಸುಮ್ನೆ ಹೇಳೋ ಹಾಗಿದ್ರೆ ನಿಲ್ಲಿಸ್ತಾನೇ ಇರ್ಲಿಲ್ಲ ಮಗಳೇ" ಅಂದರು.

ಬೇಸಿಗೆ ಶುರುವಾಯಿತು. ಒಂದು ದಿನ ನಾನು ಡಬ್ಬಿ ಹಿಡಿದು ಹೋದಾಗ ಅತ್ತೆ ಅಂಕಣಗಳಿಗೆ ಬೆನ್ನು ಹಾಕಿ ಹಿಂದಿನ ಕಿಟಕಿಯ ಹತ್ತಿರ ನಿಂತಿದ್ದರು. ಅವರು ಹಾಗೆ ನಿಂತದ್ದನ್ನು ನಾನೆಂದೂ ಕಂಡಿರಲಿಲ್ಲ. ಹೋಗಿ ಪಕ್ಕದಲ್ಲಿ ಇಣುಕಿದೆ. ಓಣಿಯಾಚೆ ಅತ್ತೆಯ ತಾಯಿಯ ಕೋಣೆಯ ಕಿಟಕಿ ಹಾರು ಹೊಡೆದಿತ್ತು. ಒಳಗಿದ್ದ ಹೊಲಿಗೆ ಯಂತ್ರವನ್ನು ದೊಡ್ಡತ್ತೆ ಕಿಟಕಿಗೆ ಒತ್ತಿಕೊಂಡು ಹಾಕಿದ್ದರು. ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಮುಂದಿನಿಂದ ಬಸ್ಸಿನ ಹಾರ್ನ್ ಕೇಳಿ ಅತ್ತೆ ಬಂದು ಮೈಕಿನಲ್ಲಿ ಕೂಗಿದರು. ನಾನು ಕಿಟಕಿಯಲ್ಲೇ ಇದ್ದೆ. ದೊಡ್ಡತ್ತೆ ಚಕ್ರದ ಮೇಲೆ ಕೈಯಿಟ್ಟು ಯಂತ್ರ ನಿಲ್ಲಿಸಿದರು. ಕೂಗು ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಮತ್ತೆ ತುಳಿಯತೊಡಗಿದರು.

"ಕಣ್ಣು ಮುಚ್ಕೊಂಡು ಕೇಳ್ತಾರೆ ಅತ್ತೆ" ಅಂದೆ.

ಮುಂದಿನ ಬಸ್ಸಿಗೆ ಅತ್ತೆಯ ದನಿ ಸ್ವಲ್ಪ ನಿಧಾನವಾಗಿತ್ತು, ಹಾಸಿಗೆ ಹಿಡಿದವರಿಗೂ ತಿಳಿಯುವಷ್ಟು ನಿಧಾನ.

ಆ ಭಾನುವಾರ ಚರ್ಚಿನಲ್ಲಿ ಅಂಥದ್ದೇನೂ ವಿಶೇಷವಿರಲಿಲ್ಲ. ಅನ್ನದ ಸಾಲು ಮುಗಿಯಿತು. ನಾವೆಲ್ಲ ರೂಢಿಯಂತೆ ಮೌನಕ್ಕೆ ಸಿದ್ಧರಾದೆವು. ದೊಡ್ಡತ್ತೆ ರೂಢಿಯಂತೆ ತಂಗಿಯ ಮುಖ ನೋಡಿದರು. ಅತ್ತೆ ತಲೆಯಾಡಿಸಲಿಲ್ಲ. ಮೈಕಿನ ದನಿಯೂ ಅಲ್ಲದ, ಪ್ರಾರ್ಥನೆಯ ದನಿಯೂ ಅಲ್ಲದ, ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹಿಂದಿನಿಂದ ಯಾರೂ ಹೇಳಲಿಲ್ಲ.

ದೊಡ್ಡತ್ತೆ ಬೆಂಚಿನಿಂದ ಎದ್ದು, ಪ್ರಾರ್ಥನೆಯ ನಡುವೆಯೇ, ಎಲ್ಲರಿಗೂ ಕೇಳುವಂತೆ ಕೇಳಿದರು, "ನಿಜವಾಗ್ಲೂ ಬಂತೇನೇ?"

"ಬಂತು ಅಕ್ಕಾ" ಎಂದರು ಅತ್ತೆ. "ಕಣ್ಣಾರೆ ನೋಡದೆ ನಾನು ಯಾವತ್ತಾದ್ರೂ ಕೂಗಿದ್ದೀನಾ?"